ಕೆಂಪು ಬಾಗಿಲಿನ ಗೂಡ್ಸ್ ಡಬ್ಬಿ

ನನ್ನ ಬಳಿ ಮೂವತ್ತೊಂದು ಕಂದು ಗೂಡ್ಸ್ ಡಬ್ಬಿಗಳಿವೆ. ಹಳೆಯ ಕಾಲದ ಆಟಿಕೆ ರೈಲಿನವು, ತಗಡಿನವು, ಅಂಗೈಯುದ್ದದವು. ನೋಡಿದವರೆಲ್ಲ ಒಂದೇ ಥರ ಇವೆ ಅನ್ನುತ್ತಾರೆ. ಅವರಿಗೆ ಕಣ್ಣಿಲ್ಲ. ಒಂದರ ಅಗಳಿ ಎಡಕ್ಕಿದೆ, ಇನ್ನೊಂದರದು ಬಲಕ್ಕೆ. ಒಂದರ ಚಾವಣಿಗೆ ಆರು ಗೆರೆ, ಇನ್ನೊಂದಕ್ಕೆ ಏಳು. ನನ್ನ ಹೆಂಡತಿ ಕುಣಿಗಲ್ಲಿನವಳು, ಅಲ್ಲಿನ ಫಾರಂನ ಕುದುರೆ ನೋಡಿ ಬೆಳೆದವಳು. ಅವಳಿಗೂ ಈ ವ್ಯತ್ಯಾಸ ಕಾಣುವುದಿಲ್ಲ.

“ಒಂದೇ ಸೀರೇನ ಮೂವತ್ತೊಂದ್ ಸಲ ತಂದ್ರೆ ನೀವ್ ಸುಮ್ನಿರ್ತೀರಾ?” ಎಂದು ಕೇಳಿದಳು.

“ಸೆರಗು ಬೇರೆ ಇದ್ರೆ ಸುಮ್ನಿರ್ತೀನಿ” ಎಂದೆ. ಆ ವಾರವೇ ಎರಡು ಸೀರೆ ಬಂದವು. ಸೆರಗೂ ಒಂದೇ.

ಶೆಟ್ಟಿಹಳ್ಳಿಯ ನಮ್ಮ ಮನೆಯಲ್ಲಿ ಇಲ್ಲದಿದ್ದದ್ದು ಕೆಂಪು ಬಾಗಿಲಿನ ಡಬ್ಬಿ ಒಂದೇ. ಅದು ಗುಬ್ಬಿಯ ಕೊಬ್ಬರಿ ವ್ಯಾಪಾರಿಯೊಬ್ಬರ ಹತ್ತಿರ ಇತ್ತು. ನಮ್ಮ ಕಡೆ ಈ ಹುಚ್ಚು ಹಿಡಿದವರು ನಾವಿಬ್ಬರೇ ಇರಬೇಕು. ಹನ್ನೆರಡು ವರ್ಷದ ಹಿಂದೆ ನಾನು ಅದನ್ನು ಭೂತಗನ್ನಡಿಯಲ್ಲಿ ನೋಡಿ, ಡ್ರಾಯಿಂಗ್ ಮೇಷ್ಟ್ರ ಗತ್ತಿನಲ್ಲಿ, ‘ಇದು ಕಾರ್ಖಾನೆಯದೇ ಬಣ್ಣ, ಬಲು ಅಪರೂಪ’ ಎಂದು ಬರೆದು ಸಹಿ ಹಾಕಿ ಕೊಟ್ಟೆ. ಅವರು ಅದಕ್ಕೆ ಫ್ರೇಮ್ ಹಾಕಿಸಿ ಅಂಗಡಿಯ ಗೋಡೆಗೆ ತೂಗುಹಾಕಿದರು. ಡಬ್ಬಿ ಮಾತ್ರ ಕೊಡಲಿಲ್ಲ. ಬದಲಿಗೆ ನನ್ನ ಐದು ಡಬ್ಬಿ ಕೊಡುತ್ತೇನೆ ಎಂದರೂ “ಬಿಡಿ ಮೇಷ್ಟ್ರೇ, ಟೀ ಕುಡೀರಿ” ಅನ್ನುವರು. ಅವರ ಟೀ ಕುಡಿದು ಕುಡಿದು ನನಗೆ ಆಸಿಡಿಟಿ ಬಂತು.

ಕಳೆದ ವರ್ಷ ನಮ್ಮ ಮಗನಿಗೆ ಅವರ ಮಗಳ ಸಂಬಂಧ ಬಂತು. ಹುಡುಗ ಹುಡುಗಿ ಒಪ್ಪಿದರು. ನಾನಂತೂ ಹುಡುಗಿಯನ್ನು ನೋಡುವ ಮೊದಲೇ ಒಪ್ಪಿದ್ದೆ. ಮಾತುಕತೆಯ ದಿನ ಗುಬ್ಬಿಯಲ್ಲಿ, ಅವರ ಮನೆಯಲ್ಲಿ, ಹುಡುಗಿಯ ಸೋದರಮಾವ ಗಂಟಲು ಸರಿಮಾಡಿಕೊಂಡು, “ನಿಮ್ ಕಡೆಯಿಂದ ಏನಾದ್ರೂ ಕೇಳೋದು...” ಎಂದರು.

“ನಮಗೇನೂ ಬೇಡಿ” ಎಂದಳು ನನ್ನ ಹೆಂಡತಿ. ನಮ್ಮದು ವರದಕ್ಷಿಣೆ ಮುಟ್ಟದ ಮನೆ. ಮಾತು ಅಲ್ಲಿಗೆ ನಿಲ್ಲಬೇಕಿತ್ತು.

“ಆ ಗೂಡ್ಸ್ ಗಾಡಿ ಒಂದು...” ಎಂದಿತು ನನ್ನ ಬಾಯಿ.

“ಲಾರಿ ಕೇಳ್ತಾವ್ರೆ!” ಎಂದು ಸೋದರಮಾವ ಅಡುಗೆಮನೆಯ ಕಡೆ ಸುದ್ದಿ ಮುಟ್ಟಿಸಿದರು. ಹುಡುಗಿಯ ಅಪ್ಪನಿಗೆ ಮಾತ್ರ ಅರ್ಥವಾಗಿತ್ತು. ಅವರು ತಲೆ ತಗ್ಗಿಸಿ ಕೂತುಬಿಟ್ಟರು. ನನಗೆ ನನ್ನ ಮೇಲೇ ಅಸಹ್ಯವಾಗಿ, ಕೈ ತೊಳೆಯುವ ನೆಪದಲ್ಲಿ ಹಿತ್ತಲಿಗೆ ಹೋದೆ.

ಹುಡುಗಿ ಟವೆಲ್ ಹಿಡಿದು ಹಿಂದೆಯೇ ಬಂದಳು.

“ಅಂಕಲ್, ಅದನ್ ಕೇಳ್ಬೇಡಿ. ಅದು ಕಾರ್ಖಾನೆ ಬಣ್ಣ ಅಲ್ಲ. ಚಿಕ್ಕವಳಿದ್ದಾಗ ನಾನೇ ಅಮ್ಮನ ನೇಲ್ ಪಾಲಿಶ್ ಹಚ್ಚಿದ್ದು. ಬೈತಾರೆ ಅಂತ ಬಾಯ್ಬಿಡ್ಲಿಲ್ಲ. ಆಮೇಲೆ ನೀವ್ ಸರ್ಟಿಫಿಕೇಟ್ ಬೇರೆ ಬರ್ಕೊಟ್ರಿ. ಇನ್ ಹೆಂಗ್ ಹೇಳ್ಲಿ? ಅಪ್ಪಂಗೆ ಗೊತ್ತಾದ್ರೆ ಎದೆ ಒಡ್ಕೊತಾರೆ.”

ಮೂವತ್ತು ವರ್ಷದ ನನ್ನ ಡ್ರಾಯಿಂಗ್ ಮೇಷ್ಟ್ರುಗಿರಿ ಆ ಟವೆಲ್ಲಿಗೇ ಒರೆಸಿಹೋಯಿತು. ಒಳಗೆ ಬಂದು, “ತಮಾಷೆಗಂದೆ, ಏನೂ ಬೇಡ” ಎಂದೆ. ಹಾಗೂ ಹೀಗೂ ಸಂಬಂಧ ಉಳಿಯಿತು.

ಗುಬ್ಬಿಯಲ್ಲೇ ಮದುವೆಯಾಯಿತು. ಹೆಣ್ಣೊಪ್ಪಿಸುವ ಹೊತ್ತಿನಲ್ಲಿ ಬೀಗರು ಮಗಳ ಕೈಯನ್ನು ನನ್ನ ಹೆಂಡತಿಯ ಕೈಯಲ್ಲಿಟ್ಟರು. ಆಮೇಲೆ ಜೇಬಿನಿಂದ ಹತ್ತಿಯಲ್ಲಿ ಸುತ್ತಿದ ಕೆಂಪು ಬಾಗಿಲಿನ ಡಬ್ಬಿ ತೆಗೆದು ನನ್ನ ಕೈಯಲ್ಲಿಟ್ಟರು. ಸೊಸೆ ಅಳುವುದನ್ನು ನಿಲ್ಲಿಸಿ ನನ್ನನ್ನೇ ನೋಡಿದಳು. ನಾನು ಡಬ್ಬಿಯನ್ನು ಬೆಳಕಿಗೆ ಹಿಡಿದು, “ಕಾರ್ಖಾನೆ ಬಣ್ಣ ಅಂದ್ರೆ ಇದು!” ಎಂದೆ. ಅವಳು ನಿರಾಳವಾಗಿ ಮತ್ತೆ ಅಳತೊಡಗಿದಳು.

ಬೀಗರು ನನ್ನ ಕಿವಿಯ ಹತ್ತಿರ ಬಗ್ಗಿದರು.

“ಬಿಸಿಲಿಗ್ ಇಡ್ಬೇಡಿ ಮೇಷ್ಟ್ರೇ. ನೇಲ್ ಪಾಲಿಶ್ ಎದ್ಬತ್ತದೆ.”

ಬೆಳಕಿಗೆ ಹಿಡಿದಿದ್ದ ಡಬ್ಬಿಯನ್ನು ನಾನು ಕೆಳಗಿಳಿಸಿದೆ.

“ಅವತ್ತು ಬಾಗ್ಲಲ್ಲೇ ನಿಂತು ನೋಡ್ತಿದ್ದೆ. ನಾಲ್ಗೆ ಕಚ್ಕೊಂಡು, ಒಂದ್ ಚೂರೂ ಆಚೆ ಹೋಗ್ದಂಗೆ ಹಚ್ತಿದ್ಲು. ಎಲ್ಲಿ ಹೆದರ್ಕೊಂಡು ನಿಲ್ಲಿಸ್ಬಿಡ್ತಾಳೋ ಅಂತ ನಾನ್ ಉಸ್ರೂ ಬಿಡ್ಲಿಲ್ಲ” ಎಂದರು. ಶಲ್ಯದ ತುದಿಯಿಂದ ಕಣ್ಣೊರೆಸಿಕೊಂಡರು.

ನನಗೂ ತಡೆಯಲಾಗಲಿಲ್ಲ. ಛತ್ರದ ನಡುವೆ, ಅಷ್ಟು ಜನರ ಎದುರು, ಆ ಡಬ್ಬಿಯನ್ನು ಎದೆಗೊತ್ತಿಕೊಂಡು ಗಳಗಳ ಅತ್ತೆ.

“ನೋಡ್ರೋ,” ಎಂದರು ಹಿಂದಿನಿಂದ ಸೋದರಮಾವ, “ಲಾರಿ ಸಿಗ್ಲಿಲ್ಲ ಅಂತ ಹೆಂಗ್ ಅಳ್ತಾವ್ರೆ.”