ವಾರಕ್ಕೊಂದು ಪದ

ಮೇಜಿನ ಅಂಚು ಉಜ್ಜಿ ಉಜ್ಜಿ ಆಪಾ ಅವರ ಬಲಗೈಯ ಮಣಿಕಟ್ಟಿನ ಕೆಳಗೆ ಹುಣಸೆಬೀಜದಷ್ಟು ಚರ್ಮ ಕಪ್ಪಗೆ ಗಟ್ಟಿಯಾಗಿಹೋಗಿತ್ತು. ಮೌಸ್ ಹಿಡಿದು ಚಿತ್ರ ಬರೆದೂ ಬರೆದೂ ಆದ ಗುರುತು ಅದು. ಕುರ್ಚಿ ಇದ್ದರೂ ಕೂರುತ್ತಿರಲಿಲ್ಲ. ಒಂದು ಮೊಣಕಾಲನ್ನು ಕುರ್ಚಿಯ ಮೇಲೂರಿ, ಇನ್ನೊಂದು ಕಾಲಲ್ಲಿ ನಿಂತು, ಬಸ್ಸು ಬಂದರೆ ಓಡಿಬಿಡುವವರ ಹಾಗೆ ಬರೆಯುತ್ತಿದ್ದರು. ಮೌಸಿನ ಹೊಟ್ಟೆಯೊಳಗಿನ ಉಂಡೆ ಸಿಕ್ಕಿಕೊಂಡರೆ ತಲೆಯ ಪಿನ್ನು ಕಿತ್ತು ಕೊಳೆ ಕೆರೆದು, ಪಿನ್ನನ್ನು ಮತ್ತೆ ತಲೆಗೇ ಸಿಕ್ಕಿಸಿಕೊಳ್ಳುವರು. ನನಗೆ ಅಸಹ್ಯ. ಹೇಳಿದರೆ, "ನಿನ್ ತಲೆಗಲ್ವಲ್ಲ ಬುಡು" ಎನ್ನುವರು.

ಎರಡು ಸಾವಿರದ ಐದಾರನೆಯ ಇಸವಿಯ ಮಾತು. ಗುಂಡ್ಲುಪೇಟೆಯ ಬಸ್ ಸ್ಟ್ಯಾಂಡಿನ ಹತ್ತಿರ ಅವರ ತಮ್ಮನ ಜೆರಾಕ್ಸ್ ಮತ್ತು ಡಿಟಿಪಿ ಅಂಗಡಿ. ನಾನು ಚಾಮರಾಜನಗರದಿಂದ ದಿನಾ ಬಸ್ಸಿನಲ್ಲಿ ಹೋಗಿ ಅಲ್ಲಿ ಟೈಪು ಮಾಡುತ್ತಿದ್ದೆ. ತಮ್ಮ ತನ್ನ ಅಕ್ಕನನ್ನು ಉರ್ದುವಿನಲ್ಲಿ ಆಪಾ ಎಂದು ಕರೆಯುತ್ತಿದ್ದರಿಂದ ಅಂಗಡಿಗೆ ಬಂದವರಿಗೆಲ್ಲ ಅವರು ಆಪಾ. ಗಂಡನ ಮನೆ ಬಿಟ್ಟು ಬಂದಿದ್ದರು. ಯಾಕೆಂದು ನಾನು ಕೇಳಲಿಲ್ಲ, ಅವರೂ ಹೇಳಲಿಲ್ಲ. ಮದುವೆ ಕಾರ್ಡು, ಗೃಹಪ್ರವೇಶದ ಕಾರ್ಡು, ತೀರಿಕೊಂಡವರ ಶಿವಗಣಾರಾಧನೆ ಕಾರ್ಡು, ಎಲ್ಲದರ ಡಿಸೈನೂ ಅವರದೇ.

ಇಂಟರ್ನೆಟ್ಟಿನಲ್ಲಿ ಅವರು ಒಂದು ತಾಣ ಹುಡುಕಿಕೊಂಡಿದ್ದರು. ಅಲ್ಲಿ ಪ್ರತಿ ಸೋಮವಾರ ಒಂದು ಇಂಗ್ಲಿಷ್ ಪದ ಕೊಡುತ್ತಿದ್ದರು. ಜಗತ್ತಿನ ಯಾರು ಬೇಕಾದರೂ ವಾರದೊಳಗೆ ಆ ಪದಕ್ಕೊಂದು ಚಿತ್ರ ಬರೆದು ಹಾಕಬಹುದು. ಬಹುಮಾನವೇನೂ ಇಲ್ಲ. ಚಿತ್ರದ ಕೆಳಗೆ ಗುರುತಿಲ್ಲದ ಜನ ಬರೆಯುವ ನಾಲ್ಕು ಮಾತು, ಅಷ್ಟೇ. ಆಪಾ ನಗೆಚಿತ್ರ ಬಿಟ್ಟು ಬೇರೆ ಬರೆಯುತ್ತಿರಲಿಲ್ಲ. ನಾನು ಡಿಕ್ಷನರಿ ನೋಡಿ ಅರ್ಥ ಹೇಳಬೇಕು. ಪದ ಗೊತ್ತಾದ ಮೇಲೆ ಅವರಿಗೂ ನೆಮ್ಮದಿಯಿಲ್ಲ, ನಮಗೂ ಇಲ್ಲ. ಜೆರಾಕ್ಸಿಗೆ ಕೊಟ್ಟ ಪಹಣಿಯನ್ನು ಕೈಯಲ್ಲಿ ಹಿಡಿದುಕೊಂಡೇ ಬಾಗಿಲಿಗೂ ಗೋಡೆಗೂ ಓಡಾಡುವರು. ಪಹಣಿಯ ಯಜಮಾನ ಅವರ ಹಿಂದೆಯೇ ಓಡಾಡುವನು. ಒಮ್ಮೆ 'ತಾಳ್ಮೆ' ಎಂಬ ಪದ ಬಂತು. ಕರೆಂಟಿಲ್ಲದೆ ನಿಂತ ಜೆರಾಕ್ಸ್ ಮೆಷಿನ್ನಿನ ಟ್ರೇಯಲ್ಲಿ ಕೋಳಿಯೊಂದು ಕಾವು ಕೂತಿರುವ ಹಾಗೆ, ಅಷ್ಟರಲ್ಲೇ ಎರಡು ಮರಿಯೂ ಆಗಿರುವ ಹಾಗೆ ಬರೆದರು. ಚಿತ್ರದಲ್ಲಿ ಒಂದಕ್ಷರವೂ ಇರಕೂಡದು ಎಂಬುದು ಅವರ ಹಟ. "ನಗು ಬರ್ನಿಲ್ಲ ಅಂದ್ರೆ ಹೇಳ್ಬುಡು ಕಣಮ್ಮಿ, ನನ್ ಮುಖ ನೋಡ್ಬ್ಯಾಡ" ಎನ್ನುತ್ತಿದ್ದರು. ನನಗೆ ನಗು ಬರುವುದೇ ಕಡಿಮೆ. ಅದಕ್ಕೇ ನನ್ನನ್ನು ಕೇಳುತ್ತಿದ್ದರೋ ಏನೋ.

ಈಗ ಒಂದು ಕೋಟಿನ ವಿಷಯ ಹೇಳಬೇಕು. ಶಿವಗಣಾರಾಧನೆ ಕಾರ್ಡಿಗೆ ಊರಿನವರು ತರುವ ಫೋಟೋ ರೇಷನ್ ಕಾರ್ಡಿನದೋ, ಯಾರದೋ ಮದುವೆಯ ಗುಂಪಿನಿಂದ ಕತ್ತರಿಸಿದ್ದೋ ಆಗಿರುತ್ತಿತ್ತು. ಹೆಗಲ ಮೇಲೊಂದು ಟವೆಲು, ಬರಿ ಮೈ. "ಒಂದ್ ಕೋಟ್ ಹಾಕ್ಕೊಡಿ" ಎಂದು ಕೇಳುವರು. ಆಪಾ ತಮ್ಮನ ಮದುವೆ ಫೋಟೋದಿಂದ ಒಂದು ನೀಲಿ ಕೋಟನ್ನು ಕತ್ತರಿಸಿ ಇಟ್ಟುಕೊಂಡಿದ್ದರು. ಸುತ್ತಮುತ್ತಲ ಹಳ್ಳಿಗಳಲ್ಲಿ ತೀರಿಕೊಂಡ ಗಂಡಸರೆಲ್ಲ ಅದೇ ಕೋಟು ತೊಟ್ಟು ಕಾರ್ಡಿನಲ್ಲಿ ಬರುತ್ತಿದ್ದರು.

ಒಂದು ಸೋಮವಾರ ಬಂದ ಪದ 'ಎರವಲು'. ಆಪಾ ಅಂದು ಊಟವನ್ನೇ ಮಾಡಲಿಲ್ಲ. ಸ್ವರ್ಗದ ಬಾಗಿಲಲ್ಲಿ ಮುದುಕರ ಸಾಲು. ಎಲ್ಲರಿಗೂ ಒಂದೇ ನೀಲಿ ಕೋಟು, ಕೆಳಗೆ ಪಂಚೆ, ಬರಿಗಾಲು. ದಫ್ತರ ಹಿಡಿದ ಕಾವಲುಗಾರ ಯಾರು ಯಾರೆಂದು ತಿಳಿಯದೆ ತಲೆ ಕೆರೆದುಕೊಳ್ಳುತ್ತಿದ್ದಾನೆ. ಕೆಳಗಿನಿಂದ ಬನಿಯನ್ನಿನಲ್ಲಿರುವ ಮದುಮಗನೊಬ್ಬ ಏಣಿ ಹತ್ತಿ ಬಂದು ತನ್ನ ಕೋಟಿಗಾಗಿ ಕೈ ಚಾಚಿದ್ದಾನೆ. ನಾನು ನಕ್ಕೆ. ಹೊಟ್ಟೆ ಹಿಡಿದುಕೊಂಡು ನಕ್ಕೆ. ಅಷ್ಟು ದಿನದಲ್ಲಿ ಆ ತಾಣದಲ್ಲಿ ಯಾವ ಚಿತ್ರಕ್ಕೂ ಅಷ್ಟು ಮಾತು ಬಂದದ್ದನ್ನು ನಾನು ನೋಡಿರಲಿಲ್ಲ. ಯಾವುದೋ ದೇಶದ ಹೆಂಗಸೊಬ್ಬಳು, ನಗುವಾಗ ಕಾಫಿ ಕೀಬೋರ್ಡಿನ ಮೇಲೆ ಚೆಲ್ಲಿತು ಎಂದು ಬರೆದಿದ್ದಳು. "ಪಾಪ, ಕೀಬೋರ್ಡ್ ಹಾಳಾಯ್ತಾ ಕೇಳು" ಎಂದರು ಆಪಾ.

ನನಗೆ ಎಷ್ಟು ಹೆಮ್ಮೆಯಾಯಿತೆಂದರೆ, ಯಾರನ್ನೂ ಕೇಳದೆ ಆ ಚಿತ್ರವನ್ನು ನಾನು ಕೂರುವ ಕಂಪ್ಯೂಟರಿಗೆ ವಾಲ್‌ಪೇಪರ್ ಮಾಡಿಬಿಟ್ಟೆ. ಎರಡು ದಿನ ಯಾರ ಕಣ್ಣಿಗೂ ಬೀಳಲಿಲ್ಲ. ಮೂರನೆಯ ದಿನ ಒಬ್ಬ ರೈತ ತಂದೆಯ ಕಾರ್ಡು ನೋಡಲು ಬಂದ. ತೋರಿಸಿದೆ, ಒಪ್ಪಿದ. ಫೈಲು ಮುಚ್ಚಿದೆ. ಹಿಂದಿನಿಂದ ಆ ಮುದುಕರ ಸಾಲು ಎದ್ದು ಬಂತು. ಅವನು ಬಹಳ ಹೊತ್ತು ನೋಡಿದ. ಕೂಗಾಡಿದ್ದರೆ ಚೆನ್ನಾಗಿತ್ತು.

"ನಮ್ಮಪ್ಪ ಒಂದಿನಾನೂ ಕೋಟ್ ತೊಟ್ಟೋನಲ್ಲ ಕಣಮ್ಮ" ಎಂದ. "ಸತ್ತ್ ಮ್ಯಾಲಾದ್ರೂ ಮರ್ವಾದೆಯಾಗಿರ್ಲಿ ಅಂತ ಬಂದ್ರೆ, ನೀವ್ ಕೂತ್ಕಂಡು ನಗಾಡ್ತಿದ್ದೀರಾ?"

ಆಪಾ ಅವರ ತಮ್ಮ ಒಳಗಿನಿಂದ ಬಂದರು. ಇಂಥ ಮಾತು ಪೇಟೆಯಲ್ಲಿ ಹೇಗೆ ಹರಡುತ್ತದೆ, ಯಾರ ಅಂಗಡಿ ಎಂಬ ಮಾತು ಅದರ ಜೊತೆ ಹೇಗೆ ಸೇರಿಕೊಳ್ಳುತ್ತದೆ ಎಂದು ಅವರಿಗೆ ಗೊತ್ತಿತ್ತು. "ಯಾರು ಹಾಕಿದ್ದು ಇದನ್ನ?" ಎಂದರು.

ನಾನು ಕೀಬೋರ್ಡು ನೋಡುತ್ತಾ ಕೂತೆ. ಆ ಕೆಲಸ ಹೋದರೆ ನನ್ನನ್ನು ಮನೆಯಲ್ಲಿ ಕೂರಿಸಿಬಿಡುತ್ತಾರೆಂಬ ಭಯ ಒಂದು ಕಡೆ. ಅದಕ್ಕಿಂತ ಹೆಚ್ಚಾಗಿ, ಹೇಡಿತನ.

"ನಾನೇ" ಎಂದರು ಆಪಾ.

ಆ ದಿನವೇ ಅವರ ತಮ್ಮ ಇಂಟರ್ನೆಟ್ಟಿನ ವೈರು ಕಿತ್ತು ಸುತ್ತಿಟ್ಟರು. "ಅಂಗಡಿ ಊರೋರ್ದು ಆಪಾ, ಫಾರಿನ್ನೋರ್ದಲ್ಲ" ಎಂದರಷ್ಟೇ. ಆಪಾ ಆ ರೈತನ ತಂದೆಯ ಮೈಮೇಲಿಂದ ನೀಲಿ ಕೋಟು ತೆಗೆದು, ಎರಡು ದಿನ ನಿಂತು, ಹೊಸ ಕೋಟೊಂದನ್ನು ಕೈಯಾರೆ ಬರೆದು ತೊಡಿಸಿದರು. ಮಗ ಬಂದು ಕಾರ್ಡುಗಳನ್ನು ತೆಗೆದುಕೊಂಡು ಹೋದ.

ಮುಂದಿನ ಸೋಮವಾರ ಆಪಾರ ಅವಸ್ಥೆ ನೋಡಲಾಗಲಿಲ್ಲ. ಓಡಾಡುವರು, ನಿಲ್ಲುವರು, ಖಾಲಿ ಪರದೆಯ ಮೇಲೆ ಮೌಸನ್ನು ಸುಮ್ಮನೆ ಸುತ್ತಿಸುವರು. ಅದರ ಮುಂದಿನ ಸೋಮವಾರ ನಾನು ಬಸ್ಸು ಹತ್ತುವ ಮೊದಲು ಚಾಮರಾಜನಗರದ ಸೈಬರ್ ಸೆಂಟರಿಗೆ ಹೋಗಿ ಪದ ನೋಡಿ, ಅಂಗೈಯಲ್ಲಿ ಬರೆದುಕೊಂಡು ಬಂದೆ. ಕೈ ಬಿಚ್ಚಿ ತೋರಿಸಿದಾಗ ಅವರು ನನ್ನ ಬೆರಳುಗಳನ್ನೇ ಹಿಡಿದುಕೊಂಡು ಓದಿದರು. ಅಂದಿನಿಂದ ಪದ ನನ್ನ ಕೈಯಲ್ಲಿ ಬರುವುದು, ಚಿತ್ರ ಫ್ಲಾಪಿಯಲ್ಲಿ ಹೋಗುವುದು. ತಮ್ಮನಿಗೆ ತಿಳಿದಿತ್ತೆಂದೇ ನನ್ನ ಅನುಮಾನ. ಅವರು ಏನೂ ಅನ್ನಲಿಲ್ಲ. ನಾನೂ ಆಪಾ ಅವರಿಗೆ ಹೇಳಬೇಕಾದ ಒಂದು ಮಾತನ್ನು ಹೇಳಲಿಲ್ಲ. ಪ್ರತಿ ಸೋಮವಾರ ಬಸ್ಸಿನಲ್ಲಿ ಹೇಳುತ್ತೇನೆ ಎಂದುಕೊಳ್ಳುವೆ, ಇಳಿಯುವ ಹೊತ್ತಿಗೆ ಮುಂದಿನ ಸೋಮವಾರಕ್ಕೆ ದೂಡುವೆ.

ಒಂದೂವರೆ ವರ್ಷದ ಮೇಲೆ ನನಗೆ ಚಾಮರಾಜನಗರದಲ್ಲೇ ಆಫೀಸೊಂದರಲ್ಲಿ ಕೆಲಸ ಸಿಕ್ಕಿತು. ಮೊದಮೊದಲು ಸೋಮವಾರ ಫೋನು ಮಾಡಿ ಪದ ಹೇಳುತ್ತಿದ್ದೆ. ಆಮೇಲೆ ಮಂಗಳವಾರವಾಯಿತು. ಆಮೇಲೆ ನಿಂತುಹೋಯಿತು. ನಿಲ್ಲಿಸಿದ್ದು ನಾನೇ, ಯಾವ ಜಗಳವೂ ಇಲ್ಲದೆ, ಬರೀ ಸೋಮಾರಿತನಕ್ಕೆ.

ಎರಡು ವರ್ಷ ಕಳೆದ ಮೇಲೆ ಅವರ ತಮ್ಮ ಆಫೀಸಿಗೇ ಬಂದು, ಆಪಾ ಇಲ್ಲೇ ದೊಡ್ಡಾಸ್ಪತ್ರೆಯಲ್ಲಿದ್ದಾರೆ, ಕಿಡ್ನಿ ಎರಡೂ ಹೋಗಿವೆ ಎಂದರು. ಅಂದೇ ಸಂಜೆ ಹೋದೆ. ಮುಖ ಊದಿಕೊಂಡಿತ್ತು. ಕೂತ ತಕ್ಷಣ, ಕುಶಲ ಕೂಡ ಕೇಳದೆ, "ಅವತ್ತು ವಾಲ್‌ಪೇಪರ್ ಹಾಕಿದ್ದು ನಾನು ಆಪಾ" ಎಂದೆ.

"ಗೊತ್ತು. ಆ ಸಿಸ್ಟಮ್ ಮುಟ್ಟೋರು ಇನ್ಯಾರಿದ್ರಮ್ಮಿ?"

"ಮತ್ತೆ ಯಾಕೆ ಹೇಳಲಿಲ್ಲ ನೀವು?"

"ಅದ್ನ ಬುಡತ್ಲಾಗೆ. ಈ ವಾರದ್ ಪದ ಏನು?"

ನಾನು ಆ ತಾಣ ತೆರೆದು ಎರಡು ವರ್ಷವಾಗಿತ್ತು. ಗೊತ್ತಿಲ್ಲ ಎನ್ನಲು ಬಾಯಿ ಬರಲಿಲ್ಲ. "ಮೂಗು" ಎಂದೆ. ಯಾಕೆ ಮೂಗೋ ಗೊತ್ತಿಲ್ಲ, ಬಾಯಿಗೆ ಬಂದದ್ದು ಅದು. ಅವರು ಕಣ್ಣು ಮುಚ್ಚಿದರು. ಹೊದಿಕೆಯ ಮೇಲೆ ಬೆರಳು ಸರಿದಾಡತೊಡಗಿತು. ಒಮ್ಮೆ ತುಟಿ ಕೊಂಕಿಸಿ ಒಳಗೊಳಗೇ ನಕ್ಕರು. ಏನೆಂದು ಕೇಳಿದೆ.

"ಈಗ್ಲೇ ಹೇಳಲ್ಲ. ನಾಳೆ ಬಾ. ನಗ್ತೀಯ."

ಮರುದಿನ ಆಫೀಸು ಮುಗಿಸಿ ಹೋದಾಗ ಆ ಮಂಚದಲ್ಲಿ ಬೇರೆ ಯಾರೋ ಮಲಗಿದ್ದರು. ಆಪಾರನ್ನು ಮಧ್ಯಾಹ್ನವೇ ಗುಂಡ್ಲುಪೇಟೆಗೆ ಒಯ್ದು ಮಣ್ಣು ಮಾಡಿಯಾಗಿತ್ತು.

ಆ ವಾರವೇ ಸೈಬರ್ ಸೆಂಟರಿಗೆ ಹೋಗಿ ತಾಣ ತೆರೆದೆ. ಅಲ್ಲಿದ್ದ ಪದ 'ಸೋಪು'. ಎಲ್ಲೆಲ್ಲಿಯವರೋ ಬರೆದ ಸೋಪಿನ ಚಿತ್ರಗಳು ಪುಟದ ತುಂಬ ಇದ್ದವು. ಮೂಗಿನ ಬಗ್ಗೆ ಯೋಚಿಸಿದವರು ಆಪಾ ಒಬ್ಬರೇ.