ಸಪ್ಪೆ ಡಬ್ಬಿ, ಘಮಘಮ ಡಬ್ಬಿ

ಸೋಮವಾರ ಅವಳ ಗಂಡ ವಾಚನಾಲಯದ ಆರನೆಯ ಕುರ್ಚಿ ಹೆಣೆದು ಮುಗಿಸಿದ. ತೊಟ್ಟಿಯಲ್ಲಿ ನೆನೆಹಾಕಿದ್ದ ಬೆತ್ತದ ಎಳೆಗಳನ್ನು ಒಂದೊಂದಾಗಿ ಎತ್ತಿ, ಚೌಕಟ್ಟಿನ ತೂತಿಗೆ ತೂರಿಸಿ, ಎಳೆದು ಬಿಗಿದು, ಕೊನೆಗೆ ಅವಳನ್ನು ಕರೆದು ಕೂರಿಸಿದ. ಹೆಣೆದ ಪ್ರತಿ ಕುರ್ಚಿಯ ಮೇಲೂ ಮೊದಲು ಹೆಂಡತಿ ಕೂರಬೇಕು, ಅದು ಅವನ ಪದ್ಧತಿ. ‘ನೀನು ಕೂತೂ ಹರೀಲಿಲ್ಲ ಅಂದ್ರೆ ಇನ್ನು ಯಾರು ಕೂತರೂ ಚಿಂತೆ ಇಲ್ಲ’ ಎಂದ. ಇಪ್ಪತ್ತಾರು ವರ್ಷದಿಂದ ಅದೇ ಜೋಕು. ಅವಳೂ ಇಪ್ಪತ್ತಾರು ವರ್ಷದಿಂದ ಕೊಡುತ್ತಿದ್ದ ಏಟನ್ನೇ ಬೆನ್ನಿಗೆ ಕೊಟ್ಟಳು. ಟೀ ಆರಿಸಿ ಕೊಡು ಎಂದ. ಬಿಸಿ ತಾಗಿದರೆ ನಾಲಿಗೆ ಉರಿಯುತ್ತಿತ್ತು. ಮರುದಿನ ಹಲ್ಲಿನ ಡಾಕ್ಟರ ಹತ್ತಿರ ಹೋಗಿ, ನಾಲಿಗೆಗೆ ತಾಗುವ ಚೂಪು ಹಲ್ಲಿನ ಮೊನೆಯನ್ನು ಅರದಿಂದ ಸವೆಸಿಕೊಂಡು ಬರುವುದೆಂದು ತೀರ್ಮಾನವಾಗಿತ್ತು. ಅಷ್ಟೇ ಎಂದುಕೊಂಡಿದ್ದರು.

ಅವನು ಸಿಗರೇಟು ಸೇದುತ್ತಿರಲಿಲ್ಲ. ಒಳ್ಳೆಯತನದಿಂದಲ್ಲ. ಬೆತ್ತ ಹೆಣೆಯಲು ಎರಡೂ ಕೈ ಬೇಕು. ಸಿಗರೇಟಿನ ಒಂದು ಕಿಡಿ ಉದುರಿದರೆ ಮೂರು ದಿನದ ಕೆಲಸಕ್ಕೆ ತೂತು. ಪೈಪಾದರೆ ಹಲ್ಲಲ್ಲಿ ಕಚ್ಚಿಕೊಂಡರಾಯಿತು, ಕಿಡಿಯೂ ಬೂದಿಯೂ ಅದರ ಬಟ್ಟಲಲ್ಲೇ ಉಳಿಯುತ್ತವೆ. ಹಾಗಾಗಿ ಬೆಳಗ್ಗೆಯಿಂದ ಸಂಜೆವರೆಗೆ ಎಡ ಕಟವಾಯಿಯಲ್ಲಿ ಪೈಪು. ಹೊಗೆ ಒಳಗೆ ಎಳೆಯುವುದಿಲ್ಲ, ಬಾಯಲ್ಲಿ ಆಡಿಸಿ ಬಿಡುತ್ತೇನೆ, ಎದೆಗೇನೂ ಇಳಿಯುವುದಿಲ್ಲ ಎನ್ನುತ್ತಿದ್ದ. ಬಾಯಿ ಯಾರದೋ ಬಾಡಿಗೆಯದು ಎಂಬ ಹಾಗೆ.

ಮೊದಲು ಸೇದುತ್ತಿದ್ದದ್ದು ಏನೂ ಬೆರೆಸದ ಸಪ್ಪೆ ತಂಬಾಕು. ಮನೆಯೆಲ್ಲ ಸುಟ್ಟ ಗೋಣಿಚೀಲದ ನಾತ. ಪರದೆಯಲ್ಲಿ, ದಿಂಬಿನಲ್ಲಿ, ಅವಳ ತಲೆಗೂದಲಲ್ಲಿ. ಅವಳು ಮೂಗು ಮುರಿದಳು, ಬೈದಳು. ತಂಬಾಕಿನ ಅಂಗಡಿಯವನು ನಕ್ಕು ಇನ್ನೊಂದು ಡಬ್ಬಿ ಕೊಟ್ಟ. ವೆನಿಲ್ಲಾ ಬೆರೆಸಿದ್ದು. ಮನೆಯವರು ಬೈಯೋದಿಲ್ಲ, ಇನ್ನಷ್ಟು ಸೇದಿ ಅಂತಾರೆ ಎಂದನಂತೆ. ಅವನು ಹೇಳಿದ್ದು ಸುಳ್ಳಾಗಲಿಲ್ಲ. ಮನೆ ಬೇಕರಿಯ ಹಾಗೆ ಘಮಘಮ ಎಂದಿತು, ಅವಳು ಖುಷಿಪಟ್ಟಳು. ಹೊಗೆ ಮೊದಲಿನಷ್ಟೇ ಇತ್ತು. ಮೂಗಿಗೆ ಹಿತವಾಯಿತೆಂದು ಕಿಟಕಿ ತೆಗೆಯುವುದನ್ನೇ ಬಿಟ್ಟಳು. ದಿನಕ್ಕೆ ನಾಲ್ಕು ಸಲ ಪೈಪು ತುಂಬುತ್ತಿದ್ದ ಗಂಡ ಏಳು ಸಲ ತುಂಬತೊಡಗಿದ.

ವರ್ಷದ ಮೇಲೆ ನಾಲಿಗೆಯ ಎಡ ಅಂಚಿನಲ್ಲಿ ಹುಣ್ಣಾಯಿತು.

ಪೈಪು ಸೇದುವವರಲ್ಲಿ ಒಂದು ಮಾತುಂಟು, ತಂಬಾಕು ನಾಲಿಗೆ ಕಚ್ಚಿತು ಎಂದು. ಸಿಹಿ ಬೆರೆಸಿದ ತಂಬಾಕಿನಲ್ಲಿ ತೇವ ಹೆಚ್ಚು, ಅದರ ಹಬೆಗೆ ನಾಲಿಗೆ ಸುಟ್ಟಂತಾಗುತ್ತದೆ, ನಾಲ್ಕು ದಿನದಲ್ಲಿ ತಾನೇ ಮಾಯುತ್ತದೆ. ಅವರಿಗೆಲ್ಲ ಇದು ಚೆನ್ನಾಗಿ ಗೊತ್ತು. ಗೊತ್ತಿದ್ದದ್ದೇ ಮುಳುವಾಯಿತು. ಅಂಗಡಿಯವನು ಹುಣ್ಣು ನೋಡದೆಯೇ, ಕಚ್ಚಿದೆ ಅಷ್ಟೇ, ಸಪ್ಪೆಗೆ ವಾಪಸ್ ಬನ್ನಿ, ಅದರಲ್ಲಿ ಎಲೆ ಬಿಟ್ಟು ಬೇರೇನಿಲ್ಲ ಎಂದ. ಮೂರು ವಾರ ಸಪ್ಪೆ. ಹುಣ್ಣು ಹೋಗಲಿಲ್ಲ. ನಿಧಾನ ಎಳೆಯಿರಿ ಎಂದ. ನಿಧಾನ ಎಳೆದ. ಅರ್ಧ ಅದು ಅರ್ಧ ಇದು ಬೆರೆಸಿ ನೋಡಿ ಎಂದ. ಬೆರೆಸಿದ. ಪಕ್ಕದಲ್ಲೇ ಕೂತು ಕುರ್ಚಿ ಹೆಣೆಯುತ್ತಿದ್ದ ಮೈದುನ ತನ್ನ ಚೀಲದ್ದೇ ಸಪ್ಪೆ ತಂಬಾಕು ಕೊಟ್ಟು, ಇದು ಔಷಧಿ ಇದ್ದ ಹಾಗೆ ಅಣ್ಣ ಎಂದ. ಹೀಗೆ ಐದು ತಿಂಗಳು ಡಬ್ಬಿಗಳು ಬದಲಾದವು. ಅಷ್ಟು ಸಲ ಮುಚ್ಚಳ ಎತ್ತಿ ನೋಡಿದವರಲ್ಲಿ ಒಬ್ಬರೂ ಅವನ ನಾಲಿಗೆ ಎತ್ತಿ ನೋಡಲಿಲ್ಲ. ಅವಳೂ ನೋಡಲಿಲ್ಲ.

ಮಂಗಳವಾರ ಹಲ್ಲಿನ ಡಾಕ್ಟರು ನೋಡಿದರು. ಕೈಯಲ್ಲಿದ್ದ ಪುಟ್ಟ ಕನ್ನಡಿ ಕೆಳಗಿಟ್ಟು, ಎಷ್ಟು ದಿನದಿಂದ ಎಂದರು. ಐದು ತಿಂಗಳು, ವೆನಿಲ್ಲಾ ಕಚ್ಚಿದ್ದು ಎಂದ ಗಂಡ. ಡಾಕ್ಟರು ನಗಲಿಲ್ಲ. ದೊಡ್ಡಾಸ್ಪತ್ರೆಗೆ ಚೀಟಿ ಬರೆದರು. ಅಲ್ಲಿ ಅದಕ್ಕೆ ಕ್ಯಾನ್ಸರ್ ಎಂದು ಹೆಸರು ಹೇಳಿದರು. ಅರ್ಧ ನಾಲಿಗೆ ಕತ್ತರಿಸಿದರು. ಆಮೇಲೆ ಕುತ್ತಿಗೆಗೂ ಹರಡಿತು. ಹನ್ನೊಂದು ತಿಂಗಳು ಸ್ಲೇಟಿನ ಮೇಲೆ ಬರೆದು ಮಾತಾಡಿದ. ಅವಳಿಗೆ ಓದು ಅಷ್ಟಕ್ಕಷ್ಟೆ, ಅಕ್ಷರ ಕೂಡಿಸಿ ಓದುವಷ್ಟರಲ್ಲಿ ಅವನು ಸುಸ್ತಾಗಿ ಕಣ್ಣು ಮುಚ್ಚಿರುತ್ತಿದ್ದ. ಒಂದು ಮಧ್ಯಾಹ್ನ ಹಾಗೇ ಮುಚ್ಚಿದ ಕಣ್ಣು ತೆರೆಯಲಿಲ್ಲ.

ಮಾತಾಡಿಸಲು ಬಂದ ಅಂಗಡಿಯವನು, ಸಪ್ಪೆಗೇ ಬನ್ನಿ ಅಂತ ಬಡಕೊಂಡೆನಮ್ಮ ಎಂದು ತಿಪ್ಪೆ ಸಾರಿಸಿದ. ಮೈದುನ ಅಷ್ಟಕ್ಕೇ ಬಿಡಲಿಲ್ಲ.

‘ಬೇಜಾರು ಮಾಡ್ಕೋಬೇಡಿ ಅತ್ತಿಗೆ. ನಿಮಗೆ ಆ ಘಮಘಮ ಬೇಕು ಅಂತ ಇಲ್ದಿದ್ರೆ ಅಣ್ಣ ಇವತ್ತು ಇರ್ತಿದ್ದ. ನನ್ನ ನೋಡಿ, ಸಪ್ಪೆದೇ ಸೇದ್ತೀನಿ. ಗುಂಡುಕಲ್ಲಿನ ಹಾಗಿದೀನಿ.’

ಆ ಮಾತು ಎದೆಯಲ್ಲಿ ನಾಟಿತು. ನಾಲ್ಕು ದಿನ ಅನ್ನ ಸೇರಲಿಲ್ಲ. ತಾನೇ ಕೊಂದೆನೇ? ಐದನೆಯ ದಿನ ಎರಡೂ ಡಬ್ಬಿಗಳನ್ನು ಕೈಚೀಲಕ್ಕೆ ಹಾಕಿಕೊಂಡು ದೊಡ್ಡಾಸ್ಪತ್ರೆಗೆ ಹೋದಳು. ಗಂಡನ ನಾಲಿಗೆ ಕೊಯ್ದ ಡಾಕ್ಟರಮ್ಮನ ಮೇಜಿನ ಮೇಲೆ ಇಟ್ಟು, ‘ಯಾವುದು?’ ಎಂದಳು.

ಡಾಕ್ಟರಮ್ಮ ಡಬ್ಬಿ ತಿರುಗಿಸಿ ಓದಿದರು.

‘ಎರಡೂ ಅಮ್ಮ.’

ಬಿಡಿಸಿ ಹೇಳಿದರು. ವಾಸನೆ ಬೆರೆಸಿದ್ದು ಮೂಗಿನ ಸುಖಕ್ಕೆ. ವಿಷ ಇರುವುದು ಉರಿಯುವ ಎಲೆಯ ಹೊಗೆಯಲ್ಲಿ, ಆ ಎಲೆ ಎರಡರಲ್ಲೂ ಇದೆ. ಒಳಗೆ ಎಳೆಯದಿದ್ದರೂ ಬಾಯಿಗೆ ತಾಗುವುದು ತಪ್ಪುವುದಿಲ್ಲ. ಘಮಘಮದ್ದು ಹೆಚ್ಚು ಸೇದಿಸುತ್ತದೆ, ಸಪ್ಪೆಯದು ಏನೂ ಆಗದೆಂಬ ಧೈರ್ಯ ಕೊಡುತ್ತದೆ. ಇದು ವಾಸಿ, ಅದು ಕೆಟ್ಟದ್ದು ಎಂದು ಆರಿಸುವ ಹಾಗಿಲ್ಲ. ಆಮೇಲೆ ಅವಳು ಐದು ತಿಂಗಳ ಬಗ್ಗೆ ಕೇಳಿದಳು. ಡಾಕ್ಟರಮ್ಮ ಡಬ್ಬಿಗಳನ್ನು ಪಕ್ಕಕ್ಕೆ ಸರಿಸಿ, ಬಾಯಿಯ ಹುಣ್ಣು ಎರಡು ಮೂರು ವಾರಕ್ಕೆ ಮಾಯದಿದ್ದರೆ ತೋರಿಸಲೇಬೇಕು, ಮೊದಲೇ ಬಂದಿದ್ದರೆ ನಾವು ಹೆಚ್ಚು ಮಾಡಬಹುದಿತ್ತು ಎಂದರು.

ಅವಳು ಹಗುರಾಗಿ ಹೊರಬರಲಿಲ್ಲ. ಕುದಿಯುತ್ತ ಬಂದಳು. ನೇರ ಅಂಗಡಿಗೆ ಹೋಗಿ ಡಬ್ಬಿಗಳನ್ನು ಗಲ್ಲಾದ ಮೇಲೆ ಕುಕ್ಕಿದಳು. ಬದಲಿಸಿ ಕೊಡಬೇಕಾ ಅಮ್ಮ ಎಂದ ಅವನು.

‘ಹುಣ್ಣು ಅಂತ ಬಂದವನಿಗೆ ಡಬ್ಬಿ ತೋರಿಸಿದೆಯಲ್ಲ. ಡಾಕ್ಟರ ಹತ್ರ ಹೋಗು ಅನ್ನೋಕೆ ನಿನ್ನ ಗಂಟೇನು ಹೋಗ್ತಿತ್ತು?’

ಅವನು ಗಾಜು ಒರೆಸತೊಡಗಿದ. ಒರೆಸುತ್ತಲೇ ಇದ್ದ. ಕಪಾಟಿನಲ್ಲಿ ಚೆರ್ರಿ, ಚಾಕಲೇಟು, ಜೇನು ಎಂದು ಚಿತ್ರ ಬಿಡಿಸಿದ ಡಬ್ಬಿಗಳು ಸಾಲಾಗಿ ನಿಂತಿದ್ದವು, ಮಕ್ಕಳ ಮಿಠಾಯಿಯ ಹಾಗೆ. ಅವಳಿಗೆ ಮೈ ಉರಿದುಹೋಯಿತು.

ಮೈದುನನಿಗೂ ಎಲ್ಲ ಹೇಳಿದಳು. ಅವನು ಕೇಳಿಸಿಕೊಂಡ, ಡಾಕ್ಟರುಗಳು ಹಾಗೇ ಹೇಳೋದು ಎಂದ, ಪೈಪಿಗೆ ಕಡ್ಡಿ ಗೀರಿದ. ಅವಳಿಗೆ ಕಪಾಳಕ್ಕೆ ಬಿಡಬೇಕು ಅನ್ನಿಸಿತು. ಬಿಡಲಿಲ್ಲ.

‘ಹೇಳಿದ್ರೆ ಬಿಡೋ ಜಾತಿ ಅಲ್ಲ ನೀನು. ಬಾಯಿ ತೆಗಿ.’

‘ನಾನೇನು ಸಂತೆಗೆ ಬಂದ ಕುದುರೇನಾ ಅತ್ತಿಗೆ?’

‘ಕುದುರೆ ಹೊಗೆ ಕುಡಿಯಲ್ಲ. ತೆಗಿ.’

ಅಣ್ಣತಮ್ಮ ಕುರ್ಚಿ ಹೆಣೆಯುತ್ತಿದ್ದ ಕಾರ್ಖಾನೆಯ ಬೀಗದ ಕೈ ಈಗ ಅವಳ ಸೊಂಟದಲ್ಲಿದೆ. ದಿನಾ ಬೆಳಗ್ಗೆ ಅದಕ್ಕಾಗಿ ಮೈದುನ ಅವಳ ಮನೆ ಬಾಗಿಲಲ್ಲಿ ಬಂದು ನಿಲ್ಲುತ್ತಾನೆ. ಅವಳು ಅವನನ್ನು ಬೆಳಕಿಗೆ ತಿರುಗಿಸಿ, ಟಾರ್ಚು ಹಿಡಿದು, ಚಮಚದ ಹಿಡಿಯಿಂದ ಕೆನ್ನೆ ಸರಿಸಿ ನೋಡುತ್ತಾಳೆ. ಎಡಗಡೆ, ಬಲಗಡೆ, ಒಸಡು. ನಾಲಿಗೆ ಎತ್ತು ಎನ್ನುತ್ತಾಳೆ. ಗೊಣಗಿಕೊಂಡೇ ಎತ್ತುತ್ತಾನೆ. ನೋಡಿ ಮುಗಿದ ಮೇಲೆ ಬೀಗದ ಕೈ ಅವನ ಕೈಗೆ ಹಾಕಿ, ಚಮಚ ತೊಳೆಯಲು ಒಳಗೆ ಹೋಗುತ್ತಾಳೆ.