ಮಾವನ ತೇಗ, ನನ್ನ ಬೆಣ್ಣೆಹಣ್ಣು

ಮೊಮ್ಮಗಳು ಮಾಲೂರಿನ ಹತ್ತಿರ ಜಮೀನು ತೆಗೆದುಕೊಂಡಿದ್ದಾಳೆ. ಬೇಲಿ ಹಾಕಿಸಿ, ಬೋರು ಕೊರೆಸಿ, ಮೊನ್ನೆ ಬಂದು ನನ್ನ ಮಗ್ಗುಲಲ್ಲಿ ಕೂತು ಕೇಳಿದಳು: "ಅಜ್ಜೀ, ತೇಗ ಹಾಕ್ಲೋ, ಬೆಣ್ಣೆಹಣ್ಣು ಹಾಕ್ಲೋ? ನೀನು ಏನ್ ಹೇಳ್ತೀಯೋ ಅದೇ."

ಅಯ್ಯೋ, ನನಗಾದ ಸಂತೋಷವನ್ನು ಎಲ್ಲಿ ಇಟ್ಟುಕೊಳ್ಳಲಿ! ನಾಲ್ಕನೇ ಕ್ಲಾಸಿಗೆ ಸ್ಲೇಟು ಕೆಳಗಿಟ್ಟವಳನ್ನು ಓದಿದ ಹುಡುಗಿಯೊಬ್ಬಳು ಕೇಳುತ್ತಿದ್ದಾಳೆ, ಅದೂ ಈ ಎರಡು ಮರಗಳ ಬಗ್ಗೆಯೇ. ಬಾಯಲ್ಲಿ ಹೇಳಿದರೆ ಅರ್ಧ ಮರೆಯುತ್ತಾಳೆ ಎಂದು ಬರೆಯುತ್ತಿದ್ದೇನೆ. ಅಕ್ಷರ ಸೊಟ್ಟಗಿದ್ದರೆ ಇರಲಿ.

ತೇಗದ ಕಥೆ ಸುಲಭ. ಮಳೆ ಬಿದ್ದ ಮೇಲೆ ಸಸಿ ಊರು. ಮೊದಲೆರಡು ಬೇಸಿಗೆ ನೀರು ತೋರಿಸು. ಪಕ್ಕದಲ್ಲಿ ಒಡೆಯುವ ಚಿಗುರನ್ನು ಚಿವುಟುತ್ತಾ ಹೋದರೆ ನೆಟ್ಟಗೆ ಏಳುತ್ತದೆ. ಆಮೇಲೆ ಅದನ್ನು ಮರೆತರೂ ಅದಕ್ಕೇನೂ ಬೇಜಾರಿಲ್ಲ. ಎಲೆ ಒರಟು, ದನ ಬಾಯಿ ಹಾಕುವುದಿಲ್ಲ. ಆದರೆ ಅದರಿಂದ ಒಂದು ತುತ್ತೂ ಸಿಗುವುದಿಲ್ಲ. ಬಾಗಿಲು, ತೊಲೆ, ಮಂಚ ಅಷ್ಟೇ, ಅದೂ ಹಾಕಿದವರ ತಲೆಯೆಲ್ಲ ಬೆಳ್ಳಗಾದ ಮೇಲೆ. ಕಡಿಯಬೇಕಾದರೆ ಅರಣ್ಯ ಇಲಾಖೆಯವರ ಅಪ್ಪಣೆ ಬೇರೆ. ನನ್ನ ಮಾವನಿಗೆ ಅದೇ ಇಷ್ಟ. ತಿನ್ನಲು ಕೊಡದೆ ಎತ್ತರಕ್ಕೆ ನಿಂತು ಮರ್ಯಾದೆ ತೆಗೆದುಕೊಳ್ಳುವ ಮರ. ಅವರೂ ಹಾಗೇ ಇದ್ದರು.

ನಾನು ಮಾಸ್ತಿ ಕಡೆಯವಳು. ಎಮರ್ಜೆನ್ಸಿ ಮುಗಿದ ಮೇಲೆ ಮದುವೆಯಾಗಿ ರಾಯಲ್ಪಾಡಿನ ಹತ್ತಿರದ ಆ ಮನೆಗೆ ಬಂದೆ. ಅವರದು ಮಾವಿನ ತೋಪು. ಹಿತ್ತಲಿನ ಬದುವಿನ ಮೇಲೆ ಒಂದೊಂದು ಗಂಡು ಮೊಮ್ಮಗ ಹುಟ್ಟಿದಾಗಲೂ ಮಾವ ಒಂದೊಂದು ತೇಗ ನೆಡುತ್ತಿದ್ದರು. ಎಲ್ಲವೂ ನನ್ನ ವಾರಗಿತ್ತಿಯ ಗಂಡುಮಕ್ಕಳ ಹೆಸರಿನವು. ಅವಳನ್ನು ನಾನು ಅಕ್ಕ ಎನ್ನುತ್ತಿದ್ದೆ. ಅನ್ನಲೇಬೇಕಲ್ಲ.

ನನ್ನಪ್ಪ ಚಿನ್ನದ ಗಣಿಯ ಕಡೆ ಒಂದು ಬಂಗಲೆಯಲ್ಲಿ ತೋಟದ ಕೆಲಸ ಮಾಡುತ್ತಿದ್ದ. ಅಲ್ಲಿನ ಬೆಣ್ಣೆಹಣ್ಣಿನ ಬೀಜ ಹುಟ್ಟಿಸಿ, ಮೊಣಕಾಲೆತ್ತರ ಬಂದ ಸಸಿಯನ್ನು ನನ್ನ ಟ್ರಂಕಿನ ಜೊತೆ ಬಸ್ಸಿಗೆ ಹತ್ತಿಸಿದ. "ಬಾಯಾರಿಸಬೇಡ ಕಣೇ, ಹೂವು ಉದುರಿಸ್ಬಿಡುತ್ತೆ. ಹಾಗಂತ ಬುಡದಲ್ಲಿ ನೀರು ನಿಲ್ಲಿಸ್ಬೇಡ, ಬೇರು ಕೊಳೆಯುತ್ತೆ" ಎಂದ. ಆ ವರ್ಷವೇ ಅಪ್ಪ ಹೋದ. ತವರಿನದು ಅಂತ ನನಗೆ ಉಳಿದದ್ದು ಆ ಗಿಡ ಒಂದೇ. ಬಾವಿಯ ಪಕ್ಕ ನೆಟ್ಟೆ.

ಗಿಡ ಆಳೆತ್ತರ ಮೀರಿ ಬೆಳೆಯಿತು. ಹೂವು ಬರುತ್ತಿತ್ತು, ಉದುರುತ್ತಿತ್ತು. ನನಗೂ ಮಕ್ಕಳಾಗಿರಲಿಲ್ಲ. ಆ ಮನೆಯವರಿಗೆ ಇನ್ನೇನು ಬೇಕು!

ನಮ್ಮ ಕಡೆ ಕಾಯಿ ಬಿಡದ ಮರವನ್ನು ಹೆದರಿಸುವ ಪದ್ಧತಿಯಿತ್ತು. ಒಬ್ಬರು ಕೊಡಲಿ ಹಿಡಿದು "ಬಿಡ್ತೀಯೋ, ಕಡೀಲೋ?" ಎನ್ನಬೇಕು. ಇನ್ನೊಬ್ಬರು ಮರದ ಪರವಾಗಿ "ಬರೋ ವರ್ಷ ಬಿಡ್ತೀನಿ, ಕಡೀಬೇಡಿ" ಎನ್ನಬೇಕು. ಗಂಡಸರು ತೋಪಿನಲ್ಲಿ ನಗುತ್ತಾ ಮಾಡಿ ಮುಗಿಸುತ್ತಿದ್ದರು. ಒಂದು ಸಂಕ್ರಾಂತಿ ಬೆಳಿಗ್ಗೆ ಅಕ್ಕ ಮಾವನ ಕೈಯಿಂದ ಕೊಡಲಿ ಇಸಿದುಕೊಂಡಳು.

"ಬಾವಿ ಹತ್ರದ್ದಕ್ಕೆ ನಾನು ಕೇಳ್ತೀನಿ ಮಾವ. ಮರದ ಪರ ಇವಳೇ ನಿಲ್ಲಲಿ. ಇಬ್ಬರದೂ ಒಂದೇ ಜಾತಕ."

ನನ್ನನ್ನು ಮರಕ್ಕೆ ಒರಗಿಸಿ ನಿಲ್ಲಿಸಿದಳು. ಮರದ ಕಡೆ ನೋಡಲೇ ಇಲ್ಲ, ನನ್ನ ಹೊಟ್ಟೆಯ ಕಡೆ ನೋಡಿ ಕೇಳಿದಳು: "ಏನೇ, ಬಂದು ಎಷ್ಟು ವರ್ಷ ಆಯ್ತೇ? ತಿನ್ನೋದು, ಕುಡಿಯೋದು ಚೆನ್ನಾಗೇ ಇದೆಯಲ್ಲಾ. ಬಿಡ್ತೀಯೋ, ಕಡೀಲೋ?"

"ಬರೋ ವರ್ಷ ಬಿಡ್ತೀನಿ. ಕಡೀಬೇಡಿ."

"ಗಟ್ಟಿಯಾಗಿ ಹೇಳೇ. ರಸ್ತೇಲಿರೋರಿಗೆ ಕೇಳ್ಸಲಿಲ್ಲ."

ಗಟ್ಟಿಯಾಗಿ ಹೇಳಿದೆ. ಮಾವ ನಗು ತಡೆಯಲಾರದೆ ಟವೆಲನ್ನು ಬಾಯಿಗೆ ಒತ್ತಿಕೊಂಡರು. ನನ್ನ ಗಂಡ ಎತ್ತಿನ ಕೊಂಬಿಗೆ ಬಣ್ಣ ಬಳಿಯುತ್ತಲೇ ಇದ್ದ, ತಲೆ ಎತ್ತಲಿಲ್ಲ. ಅಕ್ಕ ಸುಮ್ಮನಾಗದೆ ಬುಡಕ್ಕೆ ನಿಜವಾಗಿಯೂ ಒಂದೇಟು ಹಾಕಿದಳು. ತೊಗಟೆ ಹಾರಿ ನನ್ನ ಕಾಲ ಮೇಲೆ ಬಿತ್ತು.

"ಏಮ್ಮಾ, ಮಾತು ಮಾತೇ," ಎಂದರು ಮಾವ. "ಬರೋ ವರ್ಷದ ಶ್ರಾವಣಕ್ಕೆ ಇದರ ಹಣ್ಣು ನನ್ನ ತಟ್ಟೆಗೆ ಬರ್ಲಿಲ್ಲಾಂದ್ರೆ ಕಡಿಸಿ, ಆ ಜಾಗಕ್ಕೆ ಇನ್ನೊಂದು ತೇಗ ಹಾಕ್ತೀನಿ."

ಹೂವು ಯಾಕೆ ಉದುರುತ್ತದೆ ಎಂದು ನನಗೆ ಗೊತ್ತಿತ್ತು. ಮಾವಿಗೆ ಹೂ ಬರುವ ಮುಂಚೆ ನೀರು ನಿಲ್ಲಿಸುತ್ತಾರೆ, ಒಣಗಿಸಿದರೆ ಚೆನ್ನಾಗಿ ಹೂವಾಗುತ್ತದೆ ಅಂತ. ಮಾವಿನ ತೋಪಿನವರು ತಾನೇ, ಅದೇ ಲೆಕ್ಕವನ್ನು ನನ್ನ ಮರಕ್ಕೂ ಹಾಕಿದ್ದರು. ಚಳಿಗಾಲ ಪೂರ್ತಿ ಒಂದು ತೊಟ್ಟು ನೀರು ಬಿಡುತ್ತಿರಲಿಲ್ಲ. ಹೇಳಿದರೆ ಕೇಳುವ ಜನವೇ? ಮುಂದಿನ ಚಳಿಗಾಲದಲ್ಲಿ ಅಕ್ಕಿ ತೊಳೆದ ನೀರು, ಕಾಳು ನೆನೆಸಿದ ನೀರು, ಸೊಪ್ಪು ತೊಳೆದ ನೀರು, ಎಲ್ಲವನ್ನೂ ಚೆಲ್ಲುವ ನೆಪದಲ್ಲಿ ಬುಡಕ್ಕೆ ಹೊಯ್ದೆ. ಅವರ ತೇಗ ಉದುರಿಸಿದ ಮೊರದಗಲದ ಎಲೆಗಳನ್ನೇ ಗುಡಿಸಿ ತಂದು ಮೇಲೆ ಮುಚ್ಚಿದೆ, ತೇವ ಆರದಿರಲಿ ಎಂದು.

"ಆ ಕಸಾನ ಅಲ್ಲೇ ಯಾಕೆ ಸುರೀತೀಯೇ?" ಎಂದಳು ಅಕ್ಕ.

"ಚೇಳು ಸೇರ್ಲಿ ಅಂತ ಅಕ್ಕಾ. ಕೊಡಲಿ ಹಿಡ್ಕೊಂಡು ಬರ್ತೀರಲ್ಲಾ, ಸ್ವಾಗತಕ್ಕೆ ಯಾರಾದ್ರೂ ಇರ್ಬೇಕಲ್ವಾ."

ಆ ವರ್ಷ ಹೂವು ನಿಂತಿತು. ಆಷಾಢದ ಗಾಳಿಗೂ ಕಾಯಿ ಜಗ್ಗಲಿಲ್ಲ. ಬೆಣ್ಣೆಹಣ್ಣು ಮರದ ಮೇಲೆ ಮೆತ್ತಗಾಗುವುದಿಲ್ಲ, ನೆನಪಿಟ್ಟುಕೋ, ಕಿತ್ತು ಇಡಬೇಕು. ಬಲಿತ ಕಾಯಿ ಕಿತ್ತು ರಾಗಿ ಹುಲ್ಲಿನಲ್ಲಿ ಹುದುಗಿಸಿದೆ. ಶ್ರಾವಣದಲ್ಲಿ ಒಂದು ದಿನ ಬೆಲ್ಲ, ಏಲಕ್ಕಿ ಹಾಕಿ ಕಿವುಚಿ ಮಾವನ ತಟ್ಟೆಗೆ ಬಡಿಸಿದೆ. ತಿಂದರು. ಮತ್ತೆ ಹಾಕಿಸಿಕೊಂಡರು. ಬೆರಳು ನೆಕ್ಕಿದರು. ನನ್ನ ಮರ ಉಳಿಯಿತು ಎಂದುಕೊಂಡೆ.

ಕೈ ತೊಳೆದು ಬಂದು ಹೇಳಿದರು: "ಇನ್ಮೇಲೆ ಈ ಮರ ದೊಡ್ಡ ಮೊಮ್ಮಗನದು. ನಿನ್ನ ಹೆಸರಲ್ಲಿಟ್ರೆ ನಿನ್ನ ಹಿಂದೆ ತಿನ್ನೋರು ಯಾರಿದಾರಮ್ಮಾ?"

ಅಕ್ಕ ಬಾಗಿಲಲ್ಲೇ ನಿಂತಿದ್ದಳು. "ಇವಳು ಕದ್ದು ನೀರು ಹಾಕ್ತಿದ್ದಳು ಮಾವ, ನಾನೇ ನೋಡಿದೀನಿ. ಕದ್ದು ಹಾಕಿದ್ದಕ್ಕೇ ಇಷ್ಟು ಬಿಟ್ಟಿದೆ. ಕಾಲುವೇನೇ ತಿರುಗಿಸಿದ್ರೆ?"

"ಆಗ್ಲಿ ಮಾವ," ಎಂದೆ.

ಬುಡದ ಸುತ್ತ ಎಮ್ಮೆ ಮಲಗುವಷ್ಟು ದೊಡ್ಡ ಪಾತಿ ತೆಗೆಸಿದರು. ಪಂಪಿನ ಕಾಲುವೆಯನ್ನು ಅದಕ್ಕೇ ತಿರುಗಿಸಿದರು. ಕರೆಂಟು ಬಂದಾಗಲೆಲ್ಲ ಪಾತಿ ತುಂಬುತ್ತಿತ್ತು. ಕಪ್ಪೆ ಬಂದು ಸೇರಿಕೊಂಡವು. ತೇಗದೆಲೆಗಳೆಲ್ಲ ತೇಲಿ ಹೋದವು. ಅಪ್ಪನ ಮಾತು ಅಲ್ಲಿ ಗೊತ್ತಿದ್ದವಳು ನಾನೊಬ್ಬಳೇ.

"ಏನೇ, ಸಾಕಾ ನೀರು?" ಎಂದು ಅಕ್ಕ ಒಮ್ಮೆ ಕೇಳಿದಳು. ಅಣಕವೋ ನಿಜವೋ ತಿಳಿಯಲಿಲ್ಲ. ನನಗೆ ಬೇಕಾಗಿಯೂ ಇರಲಿಲ್ಲ.

"ಇನ್ನೊಂದ್ ಸ್ವಲ್ಪ ಬಿಡಿ ಅಕ್ಕಾ. ಹೊಟ್ಟೆ ತುಂಬ ಕುಡೀಲಿ."

ಎಲೆ ಹಳದಿಯಾಯಿತು. ಬಾಯಾರಿದೆ ಎಂದು ಇನ್ನಷ್ಟು ಬಿಟ್ಟರು. ತುದಿ ಒಣಗಿತು. ಬಿಸಿಲು ಜಾಸ್ತಿ ಎಂದು ಮತ್ತಷ್ಟು ಬಿಟ್ಟರು. ನಾನು ಬಟ್ಟೆ ಒಗೆಯುತ್ತಾ ನೋಡುತ್ತಿದ್ದೆ. ಅಪ್ಪನ ಮರ ಅವಳ ಮಗನ ಮರವಾಗಿ ಕಾಯಿ ಬಿಡುವುದಕ್ಕಿಂತ ಅದು ನನ್ನ ಕಣ್ಣ ಮುಂದೆ ಸಾಯುವುದೇ ನನಗೆ ಹಿತವಾಗಿತ್ತು. ಈಗಲೂ ಹಿತವಾಗಿಯೇ ಇದೆ. ಮೊಮ್ಮಗಳೇ, ನಿನ್ನ ಜಮೀನಿನ ತಗ್ಗಿನಲ್ಲಿ ಬೆಣ್ಣೆಹಣ್ಣು ಹಾಕಬೇಡ. ಇಳಿಜಾರು ನೋಡಿ, ಮಣ್ಣು ಎತ್ತರಿಸಿ ಹಾಕು. ತೇಗವನ್ನು ಬೇಲಿಯ ಗುಂಟ ಹಾಕು. ಯಾರ ಹೆಸರೂ ಇಡಬೇಡ.

ಆ ನಡುವೆ ನಾನು ಬಸಿರಾದೆ. ಮಾಸ್ತಿಯಲ್ಲಿ ಚಿಕ್ಕಮ್ಮನ ಮನೆಯಲ್ಲಿ ನಿಮ್ಮಮ್ಮ ಹುಟ್ಟಿದಳು. ಕೂಸನ್ನೆತ್ತಿಕೊಂಡು ವಾಪಸು ಬಂದಾಗ ಬಾವಿಯ ಪಕ್ಕ ಬರೀ ಕೊಂಬೆಗಳಿದ್ದವು. ಮಾವ ಮಗುವಿನ ಮುಖ ನೋಡಿದರು, ಹೆಣ್ಣು ಎಂದು ಗೊತ್ತಿದ್ದರೂ ಬಟ್ಟೆ ಸರಿಸಿ ನೋಡಿದರು.

"ನಿನ್ನ ಮರ ನೀನೇ ಇಟ್ಕೋಮ್ಮಾ," ಎಂದರು. "ಈ ಹುಡುಗಿ ಹೆಸರಿಗೆ ಆಯ್ತು."

"ದೊಡ್ಡ ಮನಸ್ಸು ಮಾವ ನಿಮ್ದು. ಕಡಿಸಿಬಿಡಿ, ಮಗು ಸ್ನಾನಕ್ಕೆ ನೀರು ಕಾಯ್ಸೋಕಾಗುತ್ತೆ."

ಬೆಣ್ಣೆಹಣ್ಣಿನ ಮರ ಬಾಗಿಲಿಗೆ ಬಾರದು, ತೊಲೆಗೆ ಬಾರದು. ಸೌದೆಯಾಗಿಯೂ ನೆಟ್ಟಗೆ ಉರಿಯದು. ಒಳಗೆ ನೀರು ಕುಡಿದು ಸತ್ತ ಮರವಂತೂ ಬರೀ ಹೊಗೆ. ಕೂಸಿಗೆ ಎರೆಯುವುದು, ಹಂಡೆ ಒಲೆ ಹೊತ್ತಿಸುವುದು ಹಿರಿಯ ಸೊಸೆಯ ಕೆಲಸ. ಅಕ್ಕ ಬಚ್ಚಲೊಲೆಯ ಮುಂದೆ ಕುಕ್ಕರಗಾಲಲ್ಲಿ ಕೂತು ಊದುಗೊಳವೆ ಹಿಡಿದು ಊದಿದಳು, ಊದಿದಳು. ಕಣ್ಣು ಮೂಗೆಲ್ಲ ಸುರಿಯುತ್ತಿತ್ತು. ನಾನು ಮಗುವಿನ ಅಂಗಾಲಿಗೆ ಹರಳೆಣ್ಣೆ ತಿಕ್ಕುತ್ತಾ ಗೋಡೆಗೊರಗಿ ಕೂತಿದ್ದೆ.

"ಇನ್ನೂ ಜೋರಾಗಿ ಊದಿ ಅಕ್ಕಾ," ಎಂದೆ. "ನೀರು ಬೆಚ್ಚಗಾಗ್ಲೇ ಇಲ್ಲ."